ಸರ್ವರೋ, ಮೇಜಿನ ಕಂಪ್ಯೂಟರೋ: ಲಾಗಾನ್ ಸ್ಕ್ರಿಪ್ಟಿನಲ್ಲಿ ನಾನು ಪತ್ತೆ ಮಾಡಿಕೊಂಡ ಬಗೆ

ಕಾಸರಗೋಡು ಜಿಲ್ಲೆಯ ಒಂದು ಸಹಕಾರಿ ಸಂಸ್ಥೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಶಾಖೆಗಳಲ್ಲಿ ವಿಂಡೋಸ್ 7, 10, 11 ಮೂರೂ ಬಳಕೆಯಲ್ಲಿವೆ. ಕೆಲವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ವಿಂಡೋಸ್ ಸರ್ವರ್ 2016 ಇರುವ ಸರ್ವರಿಗೇ ಲಾಗಿನ್ ಆಗುತ್ತಾರೆ. ಪತ್ರವ್ಯವಹಾರ ಕನ್ನಡ, ಮಲಯಾಳ ಎರಡರಲ್ಲೂ ನಡೆಯುವುದರಿಂದ ಲಾಗಾನ್ ಸ್ಕ್ರಿಪ್ಟು (ಬಳಕೆದಾರರು ಲಾಗಿನ್ ಆದಾಗ ತಾನಾಗಿ ಓಡುವ ಆಜ್ಞೆಗಳ ಫೈಲು) ಪ್ರಿಂಟರನ್ನು ಜೋಡಿಸುವುದಲ್ಲದೆ, ಲೆಟರ್‌ಹೆಡ್ಡಿನ ಟೆಂಪ್ಲೇಟನ್ನೂ ಬಳಕೆದಾರರ ಫೋಲ್ಡರಿಗೆ ನಕಲಿಸಬೇಕು. ವಿಂಡೋಸ್ 7ರಲ್ಲಿ ಕನ್ನಡದ ತುಂಗಾ, ಮಲಯಾಳದ ಕಾರ್ತಿಕಾ ಫಾಂಟ್‌ಗಳು ಇದ್ದೇ ಇರುತ್ತವೆ. 10ರಲ್ಲಿ ಅವು ಐಚ್ಛಿಕ ಫೀಚರ್‌ಗಳಾದವು. ತಾನಾಗಿ ಸಿಗುವುದು ಎರಡೂ ಲಿಪಿಗಳನ್ನು ಒಳಗೊಂಡ ನಿರ್ಮಲಾ ಯುಐ. ಸ್ಕ್ರಿಪ್ಟು ಬಳಕೆದಾರರ ಹಕ್ಕಿನಲ್ಲೇ ಓಡುವುದರಿಂದ ಫೀಚರನ್ನು ಅಲ್ಲೇ ಸೇರಿಸಲು ಸಾಧ್ಯವಿಲ್ಲ. ಯಂತ್ರದಲ್ಲಿರುವ ಫಾಂಟಿಗೆ ತಕ್ಕ ಟೆಂಪ್ಲೇಟನ್ನು ಆರಿಸಿ ಕೊಡುವುದೇ ಉಳಿದ ದಾರಿ.

ಮೊದಲಿನಿಂದ ಇದ್ದ ಬ್ಯಾಚ್ ಫೈಲು 'ವರ್' ಆಜ್ಞೆಯ ಉತ್ತರದಲ್ಲಿ ಆವೃತ್ತಿಯ ಅಂಕಿಯನ್ನು ಹುಡುಕುತ್ತಿತ್ತು. ಆ ಅಂಕಿಯಿಂದ ಯಂತ್ರದ ಬಗೆ, ಅಂದರೆ ಅದು ಸರ್ವರೋ ಮೇಜಿನ ಕಂಪ್ಯೂಟರೋ ಎಂಬುದು, ತಿಳಿಯುವುದಿಲ್ಲ. 6.1 ಎಂದರೆ ವಿಂಡೋಸ್ 7 ಆಗಬಹುದು, ಸರ್ವರ್ 2008 ಆರ್2 ಕೂಡ ಆಗಬಹುದು. ಬಿಲ್ಡ್ (ಆವೃತ್ತಿಯೊಳಗಿನ ತಯಾರಿಕೆಯ ಸಂಖ್ಯೆ) 14393 ಎಂಬುದು ಸರ್ವರ್ 2016ಕ್ಕೂ ವಿಂಡೋಸ್ 10ರ 1607 ಆವೃತ್ತಿಗೂ ಸಮಾನ. ಆದ್ದರಿಂದ ನಾನು ಮೊದಲು ಕೇಳುವುದು ಬಗೆಯನ್ನು, ಆಮೇಲೆ ಆವೃತ್ತಿಯನ್ನು. ವಿಂಡೋಸ್ ತನ್ನ ಬಗೆಗಿನ ಮಾಹಿತಿ ಕೊಡುವ ವ್ಯವಸ್ಥೆಯಾದ ಡಬ್ಲ್ಯುಎಂಐಯ 'ವಿನ್32_ಆಪರೇಟಿಂಗ್‌ಸಿಸ್ಟಮ್' ಕ್ಲಾಸಿನಲ್ಲಿ 'ಪ್ರಾಡಕ್ಟ್‌ಟೈಪ್' 1 ಆಗಿದ್ದರೆ ಸಾಮಾನ್ಯ ಬಳಕೆಯ ಯಂತ್ರ, 2 ಆಗಿದ್ದರೆ ಡೊಮೈನ್ ಕಂಟ್ರೋಲರ್ (ಇಡೀ ಜಾಲದ ಲಾಗಿನ್ ನೋಡಿಕೊಳ್ಳುವ ಸರ್ವರ್), 3 ಆಗಿದ್ದರೆ ಉಳಿದ ಸರ್ವರ್. 2 ಬಂದರೆ ಸ್ಕ್ರಿಪ್ಟು ಏನನ್ನೂ ಮಾಡದೆ ಅಲ್ಲಿಗೇ ನಿಲ್ಲುತ್ತದೆ. 3 ಬಂದರೆ ಟೆಂಪ್ಲೇಟು ಮಾತ್ರ, ಪ್ರಿಂಟರಿಲ್ಲ.

ವಿಂಡೋಸಿನ ಸ್ಕ್ರಿಪ್ಟ್ ಭಾಷೆಯಾದ ಪವರ್‌ಶೆಲ್‌ನಲ್ಲಿ ಇದನ್ನು 'ಗೆಟ್-ಡಬ್ಲ್ಯುಎಂಐಆಬ್ಜೆಕ್ಟ್' ಮೂಲಕ ಒಮ್ಮೆ ಮಾತ್ರ ಕೇಳಿ, ಬಂದ ಉತ್ತರವನ್ನು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಹೊಸದಾದ 'ಗೆಟ್-ಸಿಐಎಂಇನ್‌ಸ್ಟನ್ಸ್' ಹೆಚ್ಚು ಅಚ್ಚುಕಟ್ಟು ನಿಜ, ಆದರೆ ವಿಂಡೋಸ್ 7ರ ಜೊತೆಗೆ ಬಂದ ಪವರ್‌ಶೆಲ್ 2.0ಕ್ಕೆ ಅದು ಗೊತ್ತಿಲ್ಲ. ಹಳೆಯ ಸ್ಕ್ರಿಪ್ಟ್ ಭಾಷೆ ವಿಬಿಸ್ಕ್ರಿಪ್ಟು ಎಲ್ಲ ಕಡೆಯೂ ಓಡುತ್ತದಾದರೂ 2023ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಡುವುದಾಗಿ ಹೇಳಿರುವಾಗ ಹೊಸ ಕೆಲಸಕ್ಕೆ ಅದನ್ನು ಹಚ್ಚಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ಹೋಲಿಕೆಯಲ್ಲಿ ಎಚ್ಚರ ಬೇಕು. 'ವರ್ಷನ್' ಪಠ್ಯವಾಗಿ ಬರುತ್ತದೆ. ಪಠ್ಯವಾಗಿಯೇ ಹೋಲಿಸಿದರೆ ಮೊದಲ ಅಕ್ಷರ 1 ಆಗಿರುವ 10.0, 6.1ಕ್ಕಿಂತ ಚಿಕ್ಕದಾಗಿಬಿಡುತ್ತದೆ. ಅದನ್ನು ಚುಕ್ಕಿಗಳ ನಡುವಿನ ಅಂಕಿಗಳನ್ನು ಸಂಖ್ಯೆಗಳಾಗಿ ಹೋಲಿಸುವ ವರ್ಷನ್ ಟೈಪಿಗೂ, ಬಿಲ್ಡ್ ಸಂಖ್ಯೆಯನ್ನು ಪೂರ್ಣಾಂಕಕ್ಕೂ ಬದಲಿಸಿದ ಮೇಲೆಯೇ ಹೋಲಿಸುತ್ತೇನೆ. ವಿಂಡೋಸ್ 11 ಕೂಡ ತನ್ನನ್ನು 10.0 ಎಂದೇ ಹೇಳಿಕೊಳ್ಳುವುದರಿಂದ, ಬಗೆ 1 ಆಗಿದ್ದು ಬಿಲ್ಡ್ 22000 ಅಥವಾ ಅದಕ್ಕೂ ಮೇಲಿದ್ದರೆ ಅದು 11. ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯ 'ಪ್ರಾಡಕ್ಟ್‌ನೇಮ್' ನೋಡಿ ಇದನ್ನು ತೀರ್ಮಾನಿಸಲಾಗದು. ವಿಂಡೋಸ್ 11ರಲ್ಲೂ ಅಲ್ಲಿ 'ವಿಂಡೋಸ್ 10' ಎಂದೇ ಬರೆದಿರುತ್ತದೆ.

ಪ್ರಿಂಟರಿನ ಭಾಗವನ್ನು ಈಚೆಗೆ ಸ್ಕ್ರಿಪ್ಟಿನಿಂದ ತೆಗೆದು, 'ಪ್ರಾಡಕ್ಟ್‌ಟೈಪ್' 1 ಎಂಬ ಡಬ್ಲ್ಯುಎಂಐ ಫಿಲ್ಟರ್ ಹಾಕಿದ ಗ್ರೂಪ್ ಪಾಲಿಸಿಗೆ (ಜಾಲದ ಯಂತ್ರಗಳಿಗೆ ಒಂದೇ ಕಡೆಯಿಂದ ನಿಯಮ ಹಾಕುವ ವ್ಯವಸ್ಥೆಗೆ) ಒಪ್ಪಿಸಿದ್ದೇನೆ.