ಕಸವೆಂದು ಕೈಬಿಟ್ಟದ್ದು ಕನ್ನಡವಾಗಿತ್ತು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನನ್ನದು ಎರಡೇ ಕಂಪ್ಯೂಟರಿನ ಡಿಟಿಪಿ ಅಂಗಡಿ. ಕಳೆದ ಮಳೆಗಾಲದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರು ಪೆನ್ ಡ್ರೈವ್ ಹಿಡಿದು ಬಂದರು. ಬಹಮನಿ ಸುಲ್ತಾನರ ಬಗ್ಗೆ ಸುಮಾರು 240 ಪುಟಗಳ ಪ್ರಬಂಧ, ನಕಲಾಗುತ್ತಿರುವಾಗಲೇ ಕರೆಂಟ್ ಹೋಗಿತ್ತು. ವರ್ಡ್ ತಂತ್ರಾಂಶದ ಆ ಡಾಕ್ಸ್ ಕಡತ ತೆರೆಯುತ್ತಿರಲಿಲ್ಲ. ಹೈದರಾಬಾದಿನಲ್ಲಿ ಡೇಟಾ ರಿಕವರಿ ಮಾಡುವವರೊಬ್ಬರು ಹದಿನೈದು ಸಾವಿರ ಕೇಳಿ, ಕೊನೆಗೆ "ಒಳಗೆ ಬರೀ ಕಸವಿದೆ" ಎಂದು ಮರಳಿಸಿದ್ದರಂತೆ. ನನ್ನ ಪಕ್ಕದ ಅಂಗಡಿಯವರು "ಮತ್ತೆ ಟೈಪ್ ಮಾಡಿಸಿಬಿಡಿ ಸರ್" ಎಂದರು. ಆ ಟೈಪಿಂಗ್ ಅವರಿಗೇ ಸಿಗುತ್ತಿತ್ತಲ್ಲ!

ವರ್ಡ್‌ನ ದುರಸ್ತಿ ಆಯ್ಕೆ ಕೆಲಸಕ್ಕೆ ಬರಲಿಲ್ಲ. ಹಠಕ್ಕೆ ಬಿದ್ದು ಮೂರು ಸಾವಿರದಷ್ಟು ಕೊಟ್ಟು ಒಂದು ದುರಸ್ತಿ ತಂತ್ರಾಂಶ ಕೊಂಡೆ. ಅದು ಹನ್ನೆರಡು ಪುಟಗಳ ತುಂಬ ಪ್ರಶ್ನಾರ್ಥಕ ಚಿಹ್ನೆ ಕೊಟ್ಟಿತು. ಆ ಹಣ ಹೋದದ್ದೇ.

ಕಡತದ ಒಳಗಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನಾನು ಮೊದಲೇ ನೋಡಬೇಕಿತ್ತು. ಹಿಂದೊಮ್ಮೆ ದಾಲ್ ಮಿಲ್ ಒಂದರ ಲೆಕ್ಕದ ಕಡತಕ್ಕೆ ಮೂರು ದಿನ ಬೆವರು ಸುರಿಸಿದ ಮೇಲೆ ಅದರಲ್ಲಿ ಸೊನ್ನೆಗಳ ಹೊರತು ಏನೂ ಇಲ್ಲವೆಂದು ಗೊತ್ತಾಗಿತ್ತು. ಇಲ್ಲಿ ಹಾಗಿರಲಿಲ್ಲ. ಆರಂಭದಲ್ಲಿ ಜಿಪ್ ಕಡತದ ಗುರುತಾದ ಪಿ, ಕೆ ಎರಡೂ ಅಕ್ಷರಗಳು ನೆಟ್ಟಗಿದ್ದವು, ಬಾಲ ಮಾತ್ರ ಸೊನ್ನೆಯಾಗಿತ್ತು. ಡಾಕ್ಸ್ ಎಂದರೆ ಹಲವು ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು ತಾನೇ? ಅದರ ಪರಿವಿಡಿ ಇರುವುದು ಬಾಲದಲ್ಲಿ. ಆದರೆ ಒಳಗಿನ ಪ್ರತಿ ತುಣುಕಿಗೂ ಸ್ವಂತ ತಲೆಬರಹ ಉಂಟು. ಕಡತದ ನಕಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ಜಿಪ್ ಬಿಚ್ಚುವ ವಿನ್‌ರಾರ್‌ನಿಂದ ದುರಸ್ತಿ ಮಾಡಿಸಿದೆ. ಪ್ರಬಂಧದ ಪಠ್ಯವೆಲ್ಲ ಇರುವ ಎಕ್ಸ್‌ಎಂಎಲ್ ತುಣುಕು ಇಡಿಯಾಗಿ ಬಂತು, ಚಿತ್ರಗಳೂ ಫಾಂಟ್ ಹೇಳುವ ಸ್ಟೈಲುಗಳೂ ಹೋದವು. ಆ ಎಕ್ಸ್‌ಎಂಎಲ್ಅನ್ನು ಖಾಲಿ ಡಾಕ್ಸ್ ಒಂದರೊಳಗೆ ಕೂರಿಸಿದೆ. ಸುಮ್ಮನೆ ಕೂರಿಸಿದರೆ ವರ್ಡ್ ಒಪ್ಪುವುದಿಲ್ಲ. ಚಿತ್ರಗಳ ಕೊಂಡಿಗಳನ್ನು ಕತ್ತರಿಸಬೇಕು. ಎಲ್ಲಿಂದ ಎಲ್ಲಿಗೆ ಎಂಬುದನ್ನು ಹೇಳಲಾರೆ, ಅದು ನನ್ನ ಅಂಗಡಿಯ ಅನ್ನ.

ಕಡತ ತೆರೆಯಿತು. ಪುಟ ಪುಟವೂ ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು! ಹೈದರಾಬಾದಿನವರಿಗೆ ಕಂಡ ಕಸ ಇದೇ ಇರಬೇಕು. ಇಪ್ಪತ್ತು ವರ್ಷ ನುಡಿ ತಂತ್ರಾಂಶದಲ್ಲಿ ಬೆರಳು ಸವೆಸಿದವನಿಗೆ ಅದು ಕಸವೇ? ನುಡಿಯ ಹಳೆಯ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಇಡುತ್ತವೆ. ಎಲ್ಲವನ್ನೂ ಆಯ್ದು 'ನುಡಿ 01 ಇ' ಫಾಂಟ್ ಹಾಕಿದೆ. ಬಹಮನಿ ಸುಲ್ತಾನರು ಎದ್ದು ನಿಂತರು. ವಿದ್ಯಾರ್ಥಿಯ ಕಣ್ಣಲ್ಲಿ ನೀರು. ಆದರೆ ಇಂಗ್ಲಿಷ್ ಉಲ್ಲೇಖಗಳೆಲ್ಲ ವಿಚಿತ್ರ ಕನ್ನಡವಾಗಿದ್ದವು. ಅವನ್ನು ಒಂದೊಂದಾಗಿ ತಿದ್ದಲು ಎರಡು ರಾತ್ರಿ ಹಿಡಿಯಿತು. ಹನ್ನೊಂದೋ ಹನ್ನೆರಡೋ ನಕ್ಷೆಗಳನ್ನು ಅವರೇ ಮತ್ತೆ ಸೇರಿಸಿಕೊಂಡರು.

ಇದೇ ಉಮೇದಿನಲ್ಲಿ ಕೆಟ್ಟು ತೆರೆಯದಿದ್ದ ಮದುವೆ ಫೋಟೋ ಕಡತಗಳಿಗೆ ಅದೇ ಕ್ಯಾಮೆರಾದ ಒಳ್ಳೆಯ ಫೋಟೋ ಕಡತದ ತಲೆಭಾಗ ಅಂಟಿಸಿ ನೋಡಿದೆ. ನಲವತ್ತರಲ್ಲಿ ಇಪ್ಪತ್ತೈದು ತೆರೆದವು. ಕೆಲವದರಲ್ಲಿ ವರನ ಮುಖ ಹಸಿರಾಗಿತ್ತು, ಹಣ ಕೇಳಲಿಲ್ಲ.

ಪ್ರಬಂಧಕ್ಕೆ ಎರಡೂವರೆ ಸಾವಿರ ಹೇಳಿ ಎರಡು ಸಾವಿರ ಪಡೆದೆ. ತಂತ್ರಾಂಶದ ಖರ್ಚು ಕಳೆದರೆ ನಷ್ಟವೇ. ಈಗ ಪಕ್ಕದ ಅಂಗಡಿಯವರೇ ತೆರೆಯದ ಕಡತಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ನೂರಕ್ಕೆ ಇಪ್ಪತ್ತು ಅವರಿಗೆ.