ಹಲಸಿನ ಹಪ್ಪಳದ ಅಂಗಳದಲ್ಲಿ ಫ್ರೆಂಚ್ ಶಿಬಿರ ನಡೆಸುವುದು ಹೇಗೆ?

ಫ್ರೆಂಚ್ ಕಲಿಯಬೇಕು ಅಂತ ಮಕ್ಕಳು ಕೇಳಿದರೆ ಶಿರಸಿ, ಕಾರವಾರದ ಅಪ್ಪ ಅಮ್ಮಂದಿರಿಗೆ ಮೊದಲು ನೆನಪಾಗುವುದು ಬೆಂಗಳೂರು. ಆದರೆ ಒಂದು ದೊಡ್ಡ ಮನೆ, ಎಂಟು ಮಕ್ಕಳು, ಹತ್ತು ದಿನ ಇದ್ದರೆ ವಸತಿ ಶಿಬಿರವನ್ನು ನಾವೇ ನಡೆಸಬಹುದು. ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ನಡೆಸಿದ್ದೆವು.

ಮೊದಲು ಶಿಕ್ಷಕರನ್ನು ಹುಡುಕಿ. ಭಾಷಾ ಕಲಿಕೆಯ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದಾದ ಬಿ2 ಮಟ್ಟ ಮುಗಿಸಿದವರಾದರೆ ಒಳ್ಳೆಯದು. ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾಂಸೇಸ್ ಬೆಂಗಳೂರಿನಲ್ಲೂ ಇದೆ, ಪಣಜಿಯಲ್ಲೂ ಇದೆ. ಕಾರವಾರದವರಿಗೆ ಪಣಜಿಯೇ ಹತ್ತಿರ, ಅಲ್ಲಿ ವಿಚಾರಿಸಿ. ರಾತ್ರಿ ಮಕ್ಕಳ ಜೊತೆ ಇರಲು ಮನೆಯ ಹಿರಿಯರಿಬ್ಬರು ಬೇಕೇ ಬೇಕು. ಅದರಲ್ಲಿ ಒಬ್ಬರು ಹೆಂಗಸು. ಏಪ್ರಿಲ್ ಕೊನೆಯಿಂದ ಮೇ ನಡುವೆ ಮುಗಿಸಿಬಿಡಿ. ಆಮೇಲೆ ಮಳೆ ಶುರು, ಅಂಗಳದ ಆಟವೆಲ್ಲ ನಿಲ್ಲುತ್ತದೆ.

ಈಗ ಮುಖ್ಯ ವಿಷಯ. ಪಾಠದ ಪುಸ್ತಕಕ್ಕಿಂತ ಮೊದಲು ದಿನದ ಮನೆಕೆಲಸದ ಪಟ್ಟಿ ಬರೆಯಿರಿ. ಶಿಬಿರದಲ್ಲಿ ಭಾಷೆ ಅಂಟುವುದು ಹೆಚ್ಚಾಗಿ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಅಂಗಳದಲ್ಲಿ. ಅಮೆರಿಕದ ಮಿನೆಸೋಟದಲ್ಲಿ 1961ರಿಂದ ಇಂಥ ಭಾಷಾ ಶಿಬಿರಗಳು ನಡೆಯುತ್ತಿವೆ. ಅಲ್ಲಿಯೂ ಊಟ, ಆಟ, ಅಂಗಡಿ ಎಲ್ಲ ಕಲಿಯುವ ಭಾಷೆಯಲ್ಲೇ.

ನಮ್ಮಲ್ಲಿ ಆ ಕಾಲಕ್ಕೆ ಹಲಸಿನ ಹಪ್ಪಳದ ಕೆಲಸ. ಅದನ್ನೇ ತರಗತಿ ಮಾಡಿ. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ತೆಗೆಯುವಾಗ, ಸೊಳೆ ಬಿಡಿಸುವಾಗ, ಚಾಪೆಯ ಮೇಲೆ ಹಪ್ಪಳ ಹರಡುವಾಗ ಶಿಕ್ಷಕರು ಹೇಳುತ್ತಿರಲಿ. ಕೂಪ್ ಅಂದರೆ ಕತ್ತರಿಸು. ಲಾವ್ ಅಂದರೆ ತೊಳೆ. ದೊನ್ ಅಂದರೆ ಕೊಡು. ಅತಾಂ ಅಂದರೆ ತಾಳು. ಕೈಯಲ್ಲಿ ಕೆಲಸ ಇದ್ದಾಗ ಇವುಗಳನ್ನು ಬಾಯಿಪಾಠ ಮಾಡುವುದೇ ಬೇಡ. ಹಲಸಿನ ಮರಕ್ಕೆ ಫ್ರೆಂಚ್‌ನಲ್ಲಿ ಜಾಕಿಯೆ ಅನ್ನುತ್ತಾರೆ. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆಗಿ, ಅಲ್ಲಿಂದ ಫ್ರೆಂಚಿಗೆ ಹೋದ ಮಾತು. ಇದನ್ನು ಕೇಳಿ ಮಕ್ಕಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ.

ಊಟಕ್ಕೆ ಕರೆಯುವುದು "ಆ ತಾಬ್ಲ್!" ಎಂದು. ನೆಲಕ್ಕೆ ಕೂತು ಬಾಳೆಲೆಯಲ್ಲಿ ಉಂಡರೂ ಕರೆ ಅದೇ. ಉಪ್ಪು ಬೇಕಾದರೆ "ಪಾಸ್ ಮ್ವಾ ಲ ಸೆಲ್".

ಕನ್ನಡದ ಮಕ್ಕಳಿಗೆ ಕಷ್ಟವಾಗುವುದು ಲಿಂಗ. ನಮಗೆ ಬಾಗಿಲು, ಬಕೆಟ್ ಎರಡೂ 'ಅದು'. ಫ್ರೆಂಚ್‌ನಲ್ಲಿ ಬಾಗಿಲು ಹೆಣ್ಣು, ಲಾ ಪೋರ್ತ್. ಬಕೆಟ್ ಗಂಡು, ಲ ಸೋ. ಮೊದಲ ದಿನವೇ ಮನೆಯ ವಸ್ತುಗಳಿಗೆಲ್ಲ ಚೀಟಿ ಅಂಟಿಸಿ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು. ಹೆಸರನ್ನು ಒಂಟಿಯಾಗಿ ಕಲಿಸಬೇಡಿ. ಲ ಅಥವಾ ಲಾ ಜೊತೆಗೇ ಇರಲಿ.

ಉಚ್ಚಾರಕ್ಕೆ ಒಂದು ಉಪಾಯ ಇದೆ. 'ನೀನು' ಎನ್ನುವ ಫ್ರೆಂಚ್ ಪದ tu, ಅದರ ಸ್ವರ ಕನ್ನಡದಲ್ಲಿಲ್ಲ. ತುಟಿಯನ್ನು ಊ ಅನ್ನುವ ಹಾಗೆ ದುಂಡಗೆ ಇಟ್ಟು ಈ ಅನ್ನಿ, ಬರುತ್ತದೆ. ಮೂಗಿನ ಸ್ವರಗಳು ಕಾರವಾರದ ಕೊಂಕಣಿ ಮಕ್ಕಳಿಗೆ ಸುಲಭ, ಅವರ ಮನೆಮಾತಿನಲ್ಲೇ ಅಂಥವು ಇವೆ ಅಲ್ವಾ! ಅವರನ್ನೇ ಉಳಿದವರಿಗೆ ಕಲಿಸಲು ಬಿಡಿ.

ಕನ್ನಡ ಆಡಿದರೆ ದಂಡ ಹಾಕುವ ನಿಯಮ ಮಾತ್ರ ಬೇಡ. ನಾವು ಮೊದಲೆರಡು ದಿನ ಹಾಕಿ ನೋಡಿದೆವು. ಮಕ್ಕಳು ಸುಮ್ನೆ ಕೂತರು, ಅಷ್ಟೇ. ದಂಡದ ಬದಲು ಒಂದು ಪ್ರಶ್ನೆ ಕಲಿಸಿ: "ಕೊಮಾಂ ದಿತೋಂ?" ಹೇಗೆ ಹೇಳುತ್ತಾರೆ ಅಂತ ಅರ್ಥ. ಕನ್ನಡ ಪದ ಸೇರಿಸಿ ಕೇಳಿದರೂ ಸರಿ. ರಾತ್ರಿ ಊಟದ ನಂತರ ಅರ್ಧ ಗಂಟೆ ಕನ್ನಡಕ್ಕೇ ಬಿಡಿ. ಮೂರನೆಯ ದಿನ ಮನೆ ನೆನಪು ಜಾಸ್ತಿ ಆದಾಗ ಆ ಅರ್ಧ ಗಂಟೆ ಎಷ್ಟೋ ಸಮಾಧಾನ ಕೊಡುತ್ತದೆ. ಮೊಬೈಲ್ ಸಂಜೆ ಹತ್ತು ನಿಮಿಷ ಸಾಕು.

ಹತ್ತು ದಿನದಲ್ಲಿ ಮೊದಲ ಮೆಟ್ಟಿಲಾದ ಎ1 ಮಟ್ಟವೂ ಮುಗಿಯುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ 60ರಿಂದ 100 ಗಂಟೆ ಪಾಠ ಬೇಕು. ಇದನ್ನು ಪೋಷಕರಿಗೆ ಮೊದಲೇ ಹೇಳಿ. ಮುಂದುವರಿಸಿದವರು ಫ್ರೆಂಚ್ ಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಡೆಲ್ಫ್ ಪರೀಕ್ಷೆ ಬರೆಯಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. ಪಾಸಾಗಲು ಒಟ್ಟು 50 ಬೇಕು, ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು.

ಕೊನೆಯ ದಿನ ಪ್ರತಿ ಮಗುವಿಗೂ ಒಂದು ಅಂಚೆ ಕಾರ್ಡ್ ಕೊಡಿ. ಮನೆಗೆ ಫ್ರೆಂಚ್‌ನಲ್ಲಿ ಐದು ಸಾಲು ಬರೆದು, ಶಿರಸಿಯಲ್ಲಿ ಅಂಚೆಗೆ ಹಾಕಲಿ. ಕಾರ್ಡ್ ಬರುವ ಹೊತ್ತಿಗೆ ಬರೆದವರೂ ಮನೆಯಲ್ಲೇ ಇರುತ್ತಾರೆ. ಓದಿ ಅರ್ಥ ಹೇಳುವ ಕೆಲಸವೂ ಅವರದ್ದೇ.