ಕಿಕ್ಕಿರಿದ ಬಡಾವಣೆಯಲ್ಲಿ ಕನ್ವೆನ್ಷನ್ ಸೆಂಟರ್: ಲಾರಿಯಿಂದ ಶುರು ಮಾಡಿ

ನಮ್ಮ ನಕ್ಷೆಯಲ್ಲಿ ಮೊದಲು ಬೀಳುವ ಗೆರೆ ಲಾರಿಯದು. 40 ಅಡಿ ಕಂಟೇನರ್ ಹೊತ್ತ ಟ್ರೇಲರ್ ಸುಮಾರು 16 ಮೀಟರ್ ಉದ್ದ. ಅದು ರಸ್ತೆಯಲ್ಲಿ ರಿವರ್ಸ್ ಹೊಡೆಯದೆ ಒಳಬಂದು, ತಿರುಗಿಕೊಂಡು, ಮುಖ ಮುಂದಾಗಿಯೇ ಹೊರಟರೆ ಅರ್ಧ ವಿನ್ಯಾಸ ಮುಗಿದಂತೆ. ಬೆಂಗಳೂರಿನ ಒಳಭಾಗದಲ್ಲಿ ಹಗಲು ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಸ್ಟಾಲ್ ಸಾಮಾನು ಹೆಚ್ಚಾಗಿ ರಾತ್ರಿಯೇ ಬರುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್. ಬಯಲಿನಲ್ಲಿ ಇಳಿಸಿದರೆ ಅದು ದಾಟುವುದು ಖಂಡಿತ. ಅದಕ್ಕೇ ಲೋಡಿಂಗ್ ಡಾಕ್ (ಲಾರಿ ನಿಂತು ಸಾಮಾನು ಇಳಿಸುವ ಕಟ್ಟೆ) ಗೋಡೆ, ಸೂರುಗಳ ಒಳಗೇ ಇರಬೇಕು. ಸುಮಾರು 1,000 ಚದರ ಮೀಟರ್ ಹಾಲಿಗೆ ಒಂದು ಡಾಕ್ ಇಡುತ್ತೇವೆ, ಕಾಯುವ ಲಾರಿಗಳಿಗೆ ಆವರಣದಲ್ಲೇ ಜಾಗ ಬಿಡುತ್ತೇವೆ. ಆ ಜಾಗವನ್ನು ಕಾರ್ ಪಾರ್ಕಿಂಗ್ ನುಂಗಿದರೆ ಲಾರಿ ಸಾಲು ಪಕ್ಕದ ಕ್ರಾಸ್‌ನಲ್ಲಿ ನಿಲ್ಲುತ್ತದೆ, ಆಂಬುಲೆನ್ಸ್‌ಗೂ ದಾರಿ ಉಳಿಯುವುದಿಲ್ಲ.

ರ‍್ಯಾಂಪ್ ಇಳಿಜಾರು 1:10 (10 ಮೀಟರ್ ಉದ್ದಕ್ಕೆ 1 ಮೀಟರ್ ಏರಿಳಿತ) ದಾಟಬಾರದು. ಮೇಲೂ ಕೆಳಗೂ 1:20ರ ತುಂಡು ಸೇರಿಸದಿದ್ದರೆ ಟ್ರೇಲರ್‌ನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ನೆಲದಡಿಯ ಹಾಲಿಗೆ ಲಾರಿ 9 ಮೀಟರ್ ಇಳಿಯಲು 90 ಮೀಟರ್‌ಗೂ ಹೆಚ್ಚು ಉದ್ದ ಬೇಕು.

ನಿವೇಶನ ಚಿಕ್ಕದಾದರೆ ಹಾಲ್ ಮೇಲೆ ಹಾಲ್ ಪೇರಿಸುವ ಆಸೆ ಬರುತ್ತದೆ. ಸಿಯಾಟಲ್‌ನಲ್ಲಿ 2023ರಲ್ಲಿ ತೆರೆದ ಸಮ್ಮಿಟ್ ಕನ್ವೆನ್ಷನ್ ಕಟ್ಟಡದಲ್ಲಿ ದೊಡ್ಡ ಬಾಲ್‌ರೂಮ್ ಇರುವುದು ತುತ್ತತುದಿಯ ಮಹಡಿಯಲ್ಲಿ. ನಮ್ಮಲ್ಲಿ ಹಾಗೆ ಮಾಡುವ ಮುನ್ನ ಲೆಕ್ಕ ಹಾಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಜನ ಹೊರಹೋಗುವ ಸಮತಟ್ಟು ದಾರಿಗೆ ತಲೆಗೆ 6.5 ಮಿ.ಮೀ., ಮೆಟ್ಟಿಲಿಗೆ 10 ಮಿ.ಮೀ. ಅಗಲ ಬೇಕು. 5,000 ಜನರಿಗೆ ನೆಲಮಟ್ಟದಲ್ಲಿ ಒಟ್ಟು 32.5 ಮೀಟರ್ ಬಾಗಿಲು ಸಾಕು. ಅದೇ ಹಾಲನ್ನು ಮೇಲೇರಿಸಿದರೆ 2 ಮೀಟರ್ ಅಗಲದ 25 ಮೆಟ್ಟಿಲುಸಾಲು! ಅಷ್ಟು ಜಾಗ ಹೋದಮೇಲೆ ಪೇರಿಸಿ ಉಳಿಸಿದ್ದೇನು? ದೊಡ್ಡ ಜನಸಂದಣಿ ರಸ್ತೆ ಮಟ್ಟದಲ್ಲಿರಲಿ, ಸಣ್ಣ ಮೀಟಿಂಗ್ ರೂಮ್‌ಗಳು ಮೇಲಿರಲಿ.

ಕೆಳಗೆ ತೋಡುವುದು ಇನ್ನೊಂದು ದಾರಿ. ಸ್ಯಾನ್ ಫ್ರಾನ್ಸಿಸ್ಕೊದ ಮಾಸ್ಕೋನಿ ಸೆಂಟರ್‌ನ 1981ರ ಹಾಲ್ ನೆಲದಡಿಯದೇ. ಆದರೆ ಅಂತರ್ಜಲ ತನ್ನ ಪ್ರತಿ ಮೀಟರ್ ಎತ್ತರಕ್ಕೂ ತಳವನ್ನು ಚದರ ಮೀಟರ್‌ಗೆ ಸುಮಾರು 1 ಟನ್ ಮೇಲಕ್ಕೆ ನೂಕುತ್ತದೆ. ಕಂಬಗಳಿಲ್ಲದ ಹಾಲಿನ ನಡುಭಾಗದಲ್ಲಿ ಅದನ್ನು ಅದುಮಿಡುವ ಭಾರವಿರುವುದಿಲ್ಲ. ತಳಕ್ಕೆ ಬಂಡೆ ಆಂಕರ್ (ತಳವನ್ನು ಕೆಳಗಿನ ಬಂಡೆಗೆ ಬಿಗಿಯುವ ಉಕ್ಕಿನ ಸರಳು) ಬೇಕು. ಮನೆಗಳ ನಡುವೆ ಸ್ಫೋಟ ಬೇಡವೇ ಬೇಡ, ಬಂಡೆಯನ್ನು ಸೀಳಿ ತೆಗೆಯುವುದಕ್ಕೆ ತಗಲುವ ತಿಂಗಳುಗಳನ್ನು ವೇಳಾಪಟ್ಟಿಯಲ್ಲಿ ಮೊದಲೇ ಹಾಕಿ. ಅಗೆಯುವ ಮುನ್ನ ಸುತ್ತಲಿನ ಪ್ರತಿ ಮನೆಯ ಬಿರುಕುಗಳ ಫೋಟೊ ತೆಗೆದು ಮಾಲೀಕರ ಸಹಿ ಪಡೆಯಿರಿ.

ಕಟ್ಟಡ ಹೊರಬೇಕಾದ ಭಾರ ಹೇಳುವ ಭಾರತೀಯ ಮಾನದಂಡ ಐಎಸ್ 875, ಕುರ್ಚಿ ಜಡಿಯದ ಸಭಾಂಗಣದ ನೆಲಕ್ಕೆ ಹೇಳುವುದು ಚದರ ಮೀಟರ್‌ಗೆ 5 ಕಿಲೋನ್ಯೂಟನ್ (ಸುಮಾರು ಅರ್ಧ ಟನ್). ಫೋರ್ಕ್‌ಲಿಫ್ಟ್, ಯಂತ್ರಗಳ ಪ್ರದರ್ಶನಕ್ಕೆ ಅದು ಸಾಲದು. ನಾವು 17 ಹಿಡಿಯುತ್ತೇವೆ. ಸ್ಟಾಲ್ 3×3 ಮೀಟರ್ ಆದ್ದರಿಂದ ಸ್ಟಾಲ್‌ಗಳಿಗೆ ವಿದ್ಯುತ್, ನೀರು ಕೊಡುವ ನೆಲದ ಗುಂಡಿಗಳು 9 ಮೀಟರ್‌ಗೊಂದು. ಗುಂಡಿಗೆ ತಳದಲ್ಲಿ ಚರಂಡಿ ಇರಲಿ, ನೆಲ ತೊಳೆದ ನೀರು ಸೇರುವುದು ಅಲ್ಲಿಗೇ.

ಎರಡು ಹಾಲ್‌ಗಳ ನಡುವಿನ ಜಾರುಗೋಡೆ ಸಿಕ್ಕಿಕೊಳ್ಳುವುದು ಮೇಲಿನ ಟ್ರಸ್ (ಛಾವಣಿ ಹೊರುವ ಉಕ್ಕಿನ ಚೌಕಟ್ಟು) ಬಾಗುವುದರಿಂದ. ಅದರ ಹಳಿಗೆ ಲೈಟು, ಸ್ಪೀಕರ್ ತೂಗುಹಾಕದ ಪ್ರತ್ಯೇಕ ತೊಲೆ ಕೊಡಿ. ಫಾಲ್ಸ್ ಸೀಲಿಂಗ್ ಮೇಲಿನ ಪೊಳ್ಳನ್ನೂ ಛಾವಣಿಯವರೆಗೆ ಮುಚ್ಚಿ, ಇಲ್ಲವಾದರೆ ಪಕ್ಕದ ಮದುವೆಯ ಓಲಗ ಈಚೆಯ ಭಾಷಣದೊಳಕ್ಕೆ ಇಳಿಯುತ್ತದೆ.